ಹಣ್ಣು ಕೊಟ್ಟ ಹೆಸರು

ಸಾಯಬಣ್ಣನ ಹೆಸರು ಸಾಯಬಣ್ಣ ಎಂದಾದದ್ದರಲ್ಲಿ ಸಾಯಬಣ್ಣನ ತಪ್ಪು ಏನೂ ಇರಲಿಲ್ಲ. ಅವನಿಗಿಂತ ಮೊದಲು ಹುಟ್ಟಿದ ಎರಡು ಗಂಡುಕೂಸುಗಳು ಉಳಿಯದೆ ಹೋದಾಗ ಅವನ ತಾಯಿ ಊರ ಹೊರಗಿನ ದರ್ಗಾಕ್ಕೆ ಹೋಗಿ, ಇನ್ನೊಂದು ಉಳಿದರೆ ನಿನ್ನ ಹೆಸರಿಡುತ್ತೇನೆಂದು ಸೆರಗೊಡ್ಡಿ ಬೇಡಿಕೊಂಡಿದ್ದಳು. ಇನ್ನೊಂದು ಉಳಿಯಿತು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಹೆಸರು ಸಾಯಬಣ್ಣ. ಶರಣಸಿರಸಗಿಯಲ್ಲಿ ಇದು ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಅವನ ಅಪ್ಪನ ಹೆಸರೇ ಪೀರಪ್ಪ. ಬಾವಿಯ ಕಟ್ಟೆಯ ಮೇಲೆ ನಿಂತು ‘ಪೀರಪ್ಪಾ’ ಎಂದು ಕೂಗಿದರೆ ಆ ಊರಿನಲ್ಲಿ ಮೂರು ದಿಕ್ಕಿನಿಂದ ಮೂವರು ಓಗೊಡುತ್ತಿದ್ದರು.

ತೊಂದರೆ ಶುರುವಾದದ್ದು ಅವನು ನಾಲ್ಕಕ್ಷರ ಕಲಿತು, ಗುಲಬರ್ಗಾದ ತಹಸೀಲ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುವ ಕೆಲಸಕ್ಕೆ ಸೇರಿದ ಮೇಲೆ. ನಿಜಾಮರ ಕಾಲದಲ್ಲಿ ಹೊಸದಾಗಿ ಬಂದ ಪ್ರತಿಯೊಬ್ಬ ಸಾಹೇಬನೂ ಹಾಜರಿ ಪಟ್ಟಿಯಲ್ಲಿ ಅವನ ಹೆಸರು ಓದಿ, ರಮಜಾನಿನಲ್ಲಿ ಮಧ್ಯಾಹ್ನವೇ ಮನೆಗೆ ಕಳುಹಿಸುತ್ತಿದ್ದ. ಉಗಾದಿಯ ದಿನ ಕೂಡಿಸಿಕೊಂಡು ನಕಲು ಬರೆಸುತ್ತಿದ್ದ. ಸಾಯಬಣ್ಣ ಎರಡಕ್ಕೂ ‘ಆಯ್ತ್ರಿ’ ಎನ್ನುತ್ತಿದ್ದ. ಅವನ ಬಾಯಲ್ಲಿ ‘ಇಲ್ರಿ’ ಎಂಬ ಮಾತನ್ನು ಕೇಳಿದವರು ಆ ಕಚೇರಿಯಲ್ಲಿ ಯಾರೂ ಇರಲಿಲ್ಲ.

ಆಮೇಲೆ ನಿಜಾಮರ ಆಳಿಕೆಯನ್ನು ಮುಗಿಸಿದ ಪೊಲೀಸ್ ಆ್ಯಕ್ಷನ್ ಆಯಿತು. ಹೊರಗಿನಿಂದ ಬಂದ ಮಿಲಿಟರಿಯವರು ದಾರಿಗೆ ಅಡ್ಡ ನಿಂತು ಹೋಗಿಬರುವವರ ಹೆಸರು ಕೇಳುತ್ತಿದ್ದರು. ಸಾಯಬಣ್ಣ ತನ್ನ ಹೆಸರು ಹೇಳಿದ. ಸಿಪಾಯಿ ಅವನ ಹಣೆ ನೋಡಿದ, ಮತ್ತೊಮ್ಮೆ ಹೆಸರು ಕೇಳಿದ, ಯಾವ ಮಂದಿ ಎಂದ, ಸಾಯಬಣ್ಣ ವಿಭೂತಿ ಮುಟ್ಟಿ ತೋರಿಸಿದಾಗ ಮತ್ತೆ ಹಣೆ ನೋಡಿದ. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಕೋಲಿನ ತುದಿಯಿಂದ ಮುಟ್ಟಿ, ಇದು ಸಿಡಿಯುವ ವಸ್ತು ಇದ್ದರೂ ಇರಬಹುದೆಂದು ಎರಡು ಹೆಜ್ಜೆ ಹಿಂದೆ ಸರಿದ. ಮುಂಜಾನೆಯಿಂದ ಸಂಜೆಯವರೆಗೆ ಸಾಯಬಣ್ಣ ಒಂದು ಬೇವಿನ ಗಿಡದ ಕೆಳಗೆ ಕುಳಿತ. ಸಂಜೆಗೆ ಅವನ ಅಕ್ಕ ಗುಂಡಮ್ಮ ಬುತ್ತಿ ಹಿಡಿದು ಬಂದಳು. ಸಿಪಾಯಿಗೆ ಅವಳ ಭಾಷೆ ಬರುತ್ತಿರಲಿಲ್ಲ. ಆದರೆ ಬೈಗುಳ ತಿಳಿಯಲು ಭಾಷೆ ಬೇಕಾಗಿಲ್ಲವೆಂಬುದನ್ನು ಗುಂಡಮ್ಮ ಅಂದು ಸಿದ್ಧಮಾಡಿ ತೋರಿಸಿದಳು. ಅವನು ಸಾಯಬಣ್ಣನನ್ನು ಬಿಟ್ಟ. ಆ ದಿನಗಳಲ್ಲಿ ಬೇರೆಯವರಿಗೆ ಆದದ್ದರ ಮುಂದೆ ತನಗಾದದ್ದು ಏನೂ ಅಲ್ಲವೆಂದು ಸಾಯಬಣ್ಣನಿಗೂ ಗೊತ್ತಿತ್ತು. ಆದರೂ ಆ ಬೇವಿನ ನೆರಳು ಅವನ ತಲೆಯ ಮೇಲಿಂದ ಇಳಿಯಲಿಲ್ಲ.

ಹೀಗಿರುವಾಗ, ಮುಂದಿನ ವರ್ಷದ ಚಳಿಗಾಲದಲ್ಲಿ, ಕಮಲಾಪುರದ ತವರುಮನೆಯಲ್ಲಿ ಅವನ ಹೆಂಡತಿ ಸೂಗಮ್ಮ ಗಂಡುಕೂಸು ಹಡೆದಳು.

ಸುದ್ದಿಯನ್ನು ತಂದದ್ದು ಹುಮನಾಬಾದಿನ ಬಸ್ಸು. ಬಸ್ಸಿನ ನೆತ್ತಿಯ ಮೇಲೆ ಒಂದು ಗೊನೆ ಕೆಂಪು ಬಾಳೆ, ಕಂಡಕ್ಟರನ ಕಿಸೆಯಲ್ಲಿ ಒಂದು ಚೀಟಿ. ಚೀಟಿಯಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ಮಾವ ದೇವೀಂದ್ರಪ್ಪನದು. ಕಮಲಾಪುರದ ಕೆಂಪು ಬಾಳೆಯನ್ನು ತಾನೇ ಹುಟ್ಟಿಸಿದ್ದೇನೆಂಬಂತೆ ಮೀಸೆ ತಿರುವುವ ಮನುಷ್ಯ ಆತ. ‘ಕೂಸಿಗೆ ಶರಣಬಸಪ್ಪ ಅಂತ ಹೆಸರಿಡೋಣ ಅಂತ ನಮ್ಮ ವಿಚಾರ. ಇದರ ಸಂಗಡ ಒಂದು ಗೊನಿ ಕಳಿಸೀನಿ. ಮುಟ್ಟಿದ್ದಕ್ಕ ತಿಳಿಸ್ರಿ.’ ಎರಡನೆಯದು ಸೂಗಮ್ಮ ಹೇಳಿ ಬರೆಸಿದ್ದು. ‘ಇಪ್ಪತ್ತೊಂದನೇ ದಿನಕ್ಕ ತೊಟ್ಟಿಲ ಕಾರ್ಯ. ಅವತ್ತ ನಿಮ್ಮ ಅಕ್ಕನವರು ತೊಟ್ಟಿಲದ ಮುಂದ ನಿಂತಾಗ ನೀವು ಎಲ್ಲಾರಿಗೂ ಆಯ್ತ್ರಿ ಆಯ್ತ್ರಿ ಅನ್ಕೋತ ನಿಲ್ಲಬಾರದು. ಒಂದು ಹೆಸರು ಗಟ್ಟಿ ಮಾಡ್ಕೊಂಡ ಬರ್ರಿ. ಒಂದೇ. ಇಲ್ಲಂದ್ರ ನಾನು ಕೂಸಿನ ಕಟಗೊಂಡು ಮುಂದಿನ ಬಾಳಿ ಕಡಿಯೂತನ ಇಲ್ಲೇ ಇರಾಕಿ.’

ಮುಂದಿನ ಬಾಳೆ ಕಡಿಯಲು ಇನ್ನೂ ಒಂದು ವರ್ಷವಿತ್ತು. ಹೆಂಡತಿ ತವರಿಗೆ ಹೋಗಿ ಆಗಲೇ ಐದು ತಿಂಗಳಾಗಿದ್ದವು. ಈ ಐದು ತಿಂಗಳಲ್ಲಿ ಸಾಯಬಣ್ಣ ತಾನೇ ಬಡಿದ ರೊಟ್ಟಿ ತಿಂದು ಬದುಕಿದ್ದ. ಆ ರೊಟ್ಟಿಗಳ ಒಂದು ಮಗ್ಗುಲು ಹಸಿ, ಒಂದು ಮಗ್ಗುಲು ಇದ್ದಿಲು. ಬಾಡಿಗೆ ಮನೆಯ ಬೆಕ್ಕು ಕೂಡ ಅವನ್ನು ಮೂಸಿ ನೋಡಿ ಪಕ್ಕದ ಮನೆಗೆ ಹೋಗುತ್ತಿತ್ತು. ಆದ್ದರಿಂದ ಹೆಸರಿನ ವಿಷಯವನ್ನು ಅವನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ಮಾವನಿಗೆ ಅದೇ ಬಸ್ಸಿನಲ್ಲಿ ಉತ್ತರ ಕಳುಹಿಸಿದ: ‘ಗೊನಿ ಮುಟ್ಟಿತು. ಭಾಳ ಸಂತೋಷ.’ ಆಮೇಲೆ ಗೊನೆಯನ್ನು ಹೆಗಲ ಮೇಲಿಟ್ಟುಕೊಂಡು ಗುಲಬರ್ಗಾದ ಗಾಜಿಪುರ ಓಣಿಯ ತನ್ನ ಬಾಡಿಗೆ ಮನೆಗೆ ನಡೆಯುತ್ತಾ ಒಂದು ಘನವಾದ ನಿರ್ಧಾರಕ್ಕೆ ಬಂದ. ತನ್ನ ಮಗನ ಹೆಸರು ಉರ್ದುವಿನಲ್ಲಿ ನಡೆಯಬೇಕು, ಮರಾಠಿಯಲ್ಲಿ ನಡೆಯಬೇಕು, ತೆಲುಗಿನಲ್ಲಿ ನಡೆಯಬೇಕು, ಕನ್ನಡದಲ್ಲಂತೂ ನಡೆಯಲೇಬೇಕು. ಯಾವ ಸರ್ಕಾರ ಬಂದರೂ, ಯಾವ ಸಿಪಾಯಿ ಕೇಳಿದರೂ, ಹುಡುಗ ಹೆಸರು ಹೇಳಿ ಮುಂದೆ ನಡೆದುಬಿಡಬೇಕು. ಇಂಥ ಹೆಸರನ್ನು ಒಬ್ಬ ನಕಲುಗಾರ ಒಂಟಿಯಾಗಿ ಹುಡುಕುವುದು ಸಾಧ್ಯವಿಲ್ಲ. ಭಾಷೆಗೊಬ್ಬ ತಿಳಿದವರನ್ನು ಕೇಳಬೇಕು.

ಮೊದಲು ಸಿಕ್ಕವಳು ಮನೆಯೊಡತಿ ಲಲಿತಾಬಾಯಿ. ಮರಾಠಿ ಮನೆಮಾತಿನ ವಿಧವೆ. ಬಾಡಿಗೆಗಿದ್ದವನಿಗೆ ಮಗನಾಗಿದ್ದಾನೆಂದು ಕೇಳಿ ಆಕೆ ಮೊರದಲ್ಲಿದ್ದ ಜೋಳವನ್ನು ಪಕ್ಕಕ್ಕಿಟ್ಟು ಎದ್ದು ನಿಂತಳು.

“ಬಾಯಿಯವರ, ಒಂದು ಹೆಸರು ಹೇಳ್ರಿ. ಮರಾಠಿಯವರು ಕೇಳಿದ್ರೂ ಛಲೋ ಅನ್ಬೇಕು.”

ಲಲಿತಾಬಾಯಿ ಗೋಡೆಯ ಮೇಲೆ ತೂಗುಹಾಕಿದ್ದ ಪಂಢರಪುರದ ದೇವರ ಪಟಕ್ಕೆ ಬೆರಳು ತೋರಿಸಿದಳು.

“ವಿಠ್ಠಲ?”

ತಲೆಯಾಡಿಸಿದಳು. ಅಲ್ಲ.

“ಪಾಂಡುರಂಗ?”

ಲಲಿತಾಬಾಯಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಅದು ತೀರಿಕೊಂಡ ಗಂಡನ ಹೆಸರು. ಮದುವೆಯಾದಾಗಿನಿಂದ ಇಂದಿನವರೆಗೆ ಅದನ್ನು ಆಕೆ ಬಾಯಿಂದ ಆಡಿರಲಿಲ್ಲ. “ನಮಗ ಮಕ್ಕಳಿಲ್ಲ ಸಾಯಬಣ್ಣ. ಈ ವಾಡೆದಾಗ ಆ ಹೆಸರ ಕರಿಯವರು ಯಾರೂ ಉಳಿದಿಲ್ಲ. ನಿನ್ನ ಬಾಯಿಂದ ಕೇಳಿದೆ ಇವತ್ತ.”

ಸಾಯಬಣ್ಣ, “ಆಯ್ತ್ರಿ ಬಾಯಿಯವರ, ನೋಡೂಣು” ಎಂದ. ಮಗ ಹುಟ್ಟಿದ ಸಂತೋಷಕ್ಕೆ ಕೊಡಬೇಕೆಂದು ತಂದಿದ್ದ ಬಾಳೆಯ ಚಿಪ್ಪೊಂದನ್ನು ಆಕೆಯ ಕೈಯಲ್ಲಿಟ್ಟ. ಲಲಿತಾಬಾಯಿ ಎರಡೂ ಕೈಯಿಂದ ಹಣ್ಣು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ಕಡೆ ಹೆಣ್ಣು ನೋಡಲು ಹೋಗಲಿ, ಎತ್ತು ಕೊಳ್ಳಲು ಹೋಗಲಿ, ಮಾತು ಮುಗಿದ ಮೇಲೆ ಕೈಗೆ ಹಣ್ಣು ಇಟ್ಟರೆ ಮಾತು ಪಕ್ಕಾ ಆಯಿತೆಂದು ಅರ್ಥ. ಒಪ್ಪದವರು ಹಣ್ಣು ಕೊಡುವುದಿಲ್ಲ, ಹಣ್ಣು ಕೊಟ್ಟ ಮೇಲೆ ಹಿಂದೆ ಸರಿಯುವುದಿಲ್ಲ. ಮಾತಿಗಿಂತ ಮೊದಲು ಕೊಟ್ಟ ಹಣ್ಣು ಬರೀ ಹಣ್ಣು. ಮಾತಾದ ಮೇಲೆ ಕೊಟ್ಟ ಹಣ್ಣು ವಚನ. ಇದು ಸಾಯಬಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಮದುವೆಯೇ ಹಾಗೆ ಗೊತ್ತಾಗಿತ್ತು. ಆದರೆ ಮಗ ಹುಟ್ಟಿದ ವಾರದಲ್ಲಿ ಗಂಡಸರಿಗೆ ಗೊತ್ತಿರುವ ಸಂಗತಿಗಳೆಲ್ಲ ನೆನಪಿನಲ್ಲಿ ಇರುವುದಿಲ್ಲ. ಮೊದಲು ಹಣ್ಣು ಕೊಟ್ಟು ಆಮೇಲೆ ಹೆಸರು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಮೊದಲು ಹೆಸರು ಕೇಳಿದ, ಆಮೇಲೆ ಹಣ್ಣು ಕೊಟ್ಟ. ಒಂದು ಕಡೆಯಲ್ಲ, ಹೋದಲ್ಲೆಲ್ಲ.

ಮರುದಿನ ಕಚೇರಿಯಲ್ಲಿ ಜಹೀರುದ್ದೀನ್ ಸಾಹೇಬರ ಮೇಜಿಗೆ ಹೋದ. ಉರ್ದು ಬರವಣಿಗೆಯಲ್ಲಿ ಅವರಷ್ಟು ಚೆಂದದ ಕೈ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ. ಒಂದು ಅಕ್ಷರದ ಬಾಗು ಸರಿಯಾಗಿದೆಯೇ ಎಂದು ಕೇಳಲು ಒಂದು ಕಾಲದಲ್ಲಿ ಇಡೀ ಕಚೇರಿ ಅವರ ಮೇಜಿನ ಮುಂದೆ ನಿಲ್ಲುತ್ತಿತ್ತು. ಈಗ ಇಂಗ್ಲಿಷ್ ಟೈಪು ಯಂತ್ರ ಬಂದಿತ್ತು. ಅದರ ಹೊದಿಕೆಯನ್ನು ಮಡಚಿಡಲು ಆ ಮೇಜು ಅನುಕೂಲವಾಗಿತ್ತು. ವರ್ಷದಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ.

“ಹೆಸರು?” ಎಂದರು ಅವರು. “ನನ್ನನ್ನ ಕೇಳಾಕತ್ತಿ?”

“ಹೌದ್ರಿ ಸಾಬ್. ಉರ್ದುದವರು ಕೇಳಿದ್ರೂ ಇದು ನಮ್ದ ಅನ್ಬೇಕು.”

ಜಹೀರುದ್ದೀನ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. “ಗುಲಾಬ್,” ಎಂದರು. “ಹೂವಿಗೆ ನೀ ಯಾವ ಮಂದಿ ಅಂತ ಯಾರೂ ಕೇಳಂಗಿಲ್ಲ ಮಿಯಾಂ. ನಮ್ಮ ಗಲ್ಲ್ಯಾಗ ಒಬ್ಬ ಗುಲಾಬ್ ಅಹ್ಮದ್ ಅದಾನ, ನಿಮ್ಮ ಗಂಜ ಬಜಾರದಾಗ ಒಬ್ಬ ಗುಲಾಬಚಂದ ಸೇಠ ಅದಾನ. ಇಬ್ಬರೂ ಒಂದ ನಾಯಿಂದನ ಹತ್ರ ಕ್ಷೌರ ಮಾಡಸ್ಕೋತಾರ.”

“ಆಯ್ತ್ರಿ ಸಾಬ್,” ಎಂದು ಸಾಯಬಣ್ಣ ಒಂದು ಚಿಪ್ಪು ಬಾಳೆ ಮೇಜಿನ ಮೇಲಿಟ್ಟ. ಸಾಹೇಬರು ಎದ್ದು ನಿಂತು ಅದನ್ನು ಸ್ವೀಕರಿಸಿದರು. ಅಂದು ಇಡೀ ದಿನ ಅವರು ಟೈಪು ಯಂತ್ರದ ಹೊದಿಕೆಯನ್ನು ತಮ್ಮ ಮೇಜಿನ ಮೇಲೆ ಇಡಗೊಡಲಿಲ್ಲ.

ಅಷ್ಟರಲ್ಲಿ ಬಾಳೆಯ ವಾಸನೆ ಒಳಕೋಣೆಗೆ ಹೋಗಿತ್ತು. ಒಳಗೆ ಕುಳಿತಿದ್ದವರು ಹೊಸ ತಹಸೀಲ್ದಾರರು. ಮದರಾಸಿನ ಕಡೆಯವರು, ತೆಲುಗು ಮನೆಮಾತು, ಕನ್ನಡವನ್ನು ಒಂದು ಪುಸ್ತಕದಿಂದ ಕಲಿತಿದ್ದರು. ಕಚೇರಿಯವರು ಅವರನ್ನು ಮದರಾಸ್ ಸಾಹೇಬ ಎಂದೇ ಕರೆಯುತ್ತಿದ್ದರು. ಸಾಯಬಣ್ಣನನ್ನು ಕರೆಸಿದರು.

“ಈ ಕದಳೀಫಲವು ಎಲ್ಲಿಯದು?”

ಸಾಯಬಣ್ಣನಿಗೆ ಕದಳೀಫಲ ತಿಳಿಯಲಿಲ್ಲ. ಸಾಹೇಬರ ಬೆರಳು ಅವನ ಹಣ್ಣಿನ ಚೀಲದ ಕಡೆ ಇತ್ತಾದ್ದರಿಂದ ಊಹಿಸಿದ. “ಕಮಲಾಪುರದ್ದ್ರಿ. ಗಂಡು ಹುಟ್ಯಾನ್ರಿ. ಹೆಸರ ಹುಡುಕಾಕತ್ತೀನ್ರಿ.”

“ಹಾಗೋ? ನನ್ನ ಪಿತಾಮಹರ ಹೆಸರು ಅತಿ ಶ್ರೇಷ್ಠವಾದುದು,” ಎಂದು ಸಾಹೇಬರು ಕಣ್ಣು ಮುಚ್ಚಿದರು. “ಸತ್ಯವೆಂಕಟಸೂರ್ಯನಾರಾಯಣಮೂರ್ತಿ.”

ಸಾಯಬಣ್ಣ ಕಾದ. ಹೆಸರು ಮುಗಿದಿದೆಯೇ, ಇನ್ನೂ ಬರುವುದಿದೆಯೇ ಎಂದು ತಿಳಿಯಲಿಲ್ಲ. ಮುಗಿದಿದೆ ಎಂದು ಖಾತ್ರಿಯಾದ ಮೇಲೆ “ಆಯ್ತ್ರಿ” ಎಂದು ಹಣ್ಣು ಕೊಟ್ಟ. ಸಾಹೇಬರು ಈ ನಾಡಿಗೆ ಬಂದು ಎಂಟು ತಿಂಗಳಾಗಿತ್ತು. ಮಾತಿನ ಮೇಲೆ ಹಣ್ಣು ಕೊಟ್ಟರೆ ಏನೆಂದು ಜವಾನನು ಅವರಿಗೆ ಮೊದಲೇ ತಿಳಿಸಿಕೊಟ್ಟಿದ್ದ. “ಬಾಗುಂದಿ,” ಎಂದು ತೆಲುಗಿನಲ್ಲಿ ಮೆಚ್ಚಿ ಅವರು ಬಾಳೆ ಸುಲಿದರು. “ನಾಮಕರಣದ ದಿನ ನಾನು ಕಮಲಾಪುರದಲ್ಲಿಯೇ ಮೊಕ್ಕಾಂ ಹಾಕುವೆನು.”

ಉಳಿದದ್ದು ಅಕ್ಕ. ತೊಟ್ಟಿಲ ಕಾರ್ಯದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳು ಬಗ್ಗಿ, ‘ಕುರ್ರ್’ ಎಂದು ಕಿವಿಯಲ್ಲಿ ಊದಿ, ಹೆಸರು ಹೇಳಬೇಕು. ಆಕೆ ಹೇಳುವಾಗ ಸುತ್ತಲಿನ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಹಾಗೆ ಗುದ್ದಿಸಿಕೊಂಡು ಹೇಳಿದ ಹೆಸರೇ ಹೆಸರು. ಬ್ರಹ್ಮ ಬಂದರೂ ಅದನ್ನು ತಿದ್ದುವಂತಿಲ್ಲ. ಸಾಯಬಣ್ಣ ಶರಣಸಿರಸಗಿಗೆ ಹೋದಾಗ ಗುಂಡಮ್ಮ ಅವನು ಕೂಡುವ ಮೊದಲೇ ಚೀಲಕ್ಕೆ ಕೈ ಹಾಕಿ, ಎರಡು ಹಣ್ಣು ತಿಂದು, ಸಿಪ್ಪೆಯನ್ನು ಎಮ್ಮೆಗೆ ಹಾಕಿ, ಆಮೇಲೆ ಮಾತು ತೆಗೆದಳು.

“ಹೆಸರಿಗೆ ಊರೂರು ತಿರಗಾಕತ್ತಿ ಅಂತಲ್ಲ ತಮ್ಮಾ. ಮನ್ಯಾಗ ಅಪ್ಪನ ಹೆಸರ ಅದ. ಮೊದಲನೇ ಮೊಮ್ಮಗ ಅಜ್ಜನ ಹೆಸರ ಹೊರಬೇಕು. ಪೀರಪ್ಪ.”

“ಅಕ್ಕಾ, ನನ್ನ ಹೆಸರಿಂದ ನನಗ ಏನೇನಾಗ್ಯದ ನಿನಗ ಗೊತ್ತಿಲ್ಲೇನು? ಅವನನ್ನೂ ಒಯ್ದು ಬೇವಿನ ಗಿಡದ ಕೆಳಗ ಕೂಡ್ಸೂದೇನು?”

“ಕೂಡಿಸಿದ್ರ ನಾ ಬುತ್ತಿ ಒಯ್ತೀನಿ. ನಿನಗ ಒಯ್ದಿಲ್ಲೇನು?”

“ಬ್ಯಾಡ ಅಕ್ಕಾ,” ಎಂದ ಸಾಯಬಣ್ಣ. ಜೀವನದಲ್ಲಿ ಮೊದಲ ಸಲ ಅವನು ಬೇಡ ಎಂದದ್ದು, ಅದೂ ಬೇಡ ಎನ್ನಲು ಎಲ್ಲರಿಗಿಂತ ಕಠಿಣವಾದ ಹೆಂಗಸಿಗೆ. ಗುಂಡಮ್ಮ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಹೌದಪ್ಪ. ಮಾತಿನ ಮ್ಯಾಲ ನೀ ನನಗ ಹಣ್ಣು ಕೊಟ್ಟಿಲ್ಲ. ನಾನ ತಗೊಂಡು ತಿಂದೀನಿ. ನಿನ್ನ ಮ್ಯಾಲ ಏನೂ ಋಣಿಲ್ಲ,” ಎಂದಳು. ಆ ಮಾತು ಕೇಳಿದ ಕೂಡಲೇ ಸಾಯಬಣ್ಣ ಚೀಲದ ಬಾಯಿ ತೆರೆದು ಉಳಿದ ಹಣ್ಣುಗಳನ್ನು ಇಣುಕಿ ನೋಡಿದ. ಮಾತು, ಹಣ್ಣು. ಹಣ್ಣು, ಮಾತು. ಲಲಿತಾಬಾಯಿ ಕಣ್ಣಿಗೊತ್ತಿಕೊಂಡದ್ದು ಯಾಕೆ, ಜಹೀರುದ್ದೀನ್ ಸಾಹೇಬರು ಎದ್ದು ನಿಂತದ್ದು ಯಾಕೆ, ಎಲ್ಲ ಒಮ್ಮೆಲೇ ತಿಳಿಯಿತು. ಮಾವನಿಗೆ ತಾನು ಬರೆದ ‘ಗೊನಿ ಮುಟ್ಟಿತು, ಭಾಳ ಸಂತೋಷ’ ಎಂಬುದೂ ನೆನಪಾಯಿತು. ಮಾತಿನ ಜೊತೆ ಬಂದ ಹಣ್ಣನ್ನು ಇಟ್ಟುಕೊಂಡರೂ ಒಪ್ಪಿದಂತೆಯೇ.

“ಯಾಕ, ಮುಖ ಯಾಕ ಹಂಗಾತು?”

“ಏನಿಲ್ಲಕ್ಕಾ,” ಎಂದು ಸಾಯಬಣ್ಣ ಎಮ್ಮೆಯ ಕಡೆ ನೋಡಿದ. ಎಮ್ಮೆ ನೆಮ್ಮದಿಯಿಂದ ಸಿಪ್ಪೆ ತಿನ್ನುತ್ತಿತ್ತು.

ಇಪ್ಪತ್ತೊಂದನೆಯ ದಿನ ಬಂದಿತು. ಅಷ್ಟರಲ್ಲಿ ನಾಲ್ಕು ಸಲ ಲಲಿತಾಬಾಯಿಯ ಬಾಗಿಲಿಗೆ ಹೋಗಿ ಸಾಯಬಣ್ಣ ವಿಷಯ ಹೇಳಬೇಕೆಂದಿದ್ದ. ನಾಲ್ಕು ಸಲವೂ ಆಕೆ ಒಂದು ಪುಟ್ಟ ಟೊಪ್ಪಿಗೆ ಹೊಲಿಯುತ್ತಿದ್ದುದನ್ನು ಕಂಡು ನೀರು ಕೇಳಿ ಕುಡಿದು ಬಂದಿದ್ದ. ಬಸ್ಸಿನ ಹತ್ತಿರ ಬಂದಾಗ ಮೊದಲ ಸೀಟಿನಲ್ಲಿ ಲಲಿತಾಬಾಯಿ ಆ ಟೊಪ್ಪಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದಳು. ಹಿಂದಿನ ಸೀಟಿನಲ್ಲಿ ಜಹೀರುದ್ದೀನ್ ಸಾಹೇಬರು ಹಬ್ಬದ ಶೇರವಾನಿ ತೊಟ್ಟು, ಹಸಿರು ಬಟ್ಟೆ ಸುತ್ತಿದ ಚೌಕಟ್ಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಸಾಯಬಣ್ಣ ನಡುವೆ, ಅಕ್ಕನ ಪಕ್ಕದಲ್ಲಿ ಕುಳಿತ.

ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಲಲಿತಾಬಾಯಿ ಹಿಂದೆ ತಿರುಗಿ, “ಅವರು ಹ್ಯಾಂಗ ಅದಾರ? ಹಾಲು ಕುಡಿತಾರೇನು?” ಎಂದು ಕೇಳಿದಳು.

“ಯಾರ್ರಿ?”

“ಅವರ,” ಎಂದು ಲಲಿತಾಬಾಯಿ ನಾಚಿದಳು.

ಹಿಂದಿನಿಂದ ಜಹೀರುದ್ದೀನ್ ಸಾಹೇಬರು ಸಾಯಬಣ್ಣನ ಕಿವಿಗೆ ಬಗ್ಗಿ, “ನಮ್ಮ ಗುಲಾಬ್ ಮಿಯಾಂ ಅಳ್ತಾನೋ ಹ್ಯಾಂಗ? ಅಳ್ಬೇಕು. ಗಂಟಲ ಸಾಫ್ ಆಗ್ತದ,” ಎಂದರು.

ಗುಂಡಮ್ಮ ಎಡಕ್ಕೂ ನೋಡಿದಳು, ಬಲಕ್ಕೂ ನೋಡಿದಳು. “ತಮ್ಮಾ,” ಎಂದಳು ಮೆಲ್ಲಗೆ, “ನೀ ಎಷ್ಟು ಮಂದಿಗಿ ಹಣ್ಣು ಕೊಟ್ಟಿ?”

ಸಾಯಬಣ್ಣ ಕಿಟಕಿಯ ಹೊರಗೆ ನೋಡಿದ. ಬಸ್ಸನ್ನು ಹಿಂದೆ ಹಾಕಿ ಸರ್ಕಾರಿ ಜೀಪೊಂದು ಕಮಲಾಪುರದ ಕಡೆ ಹೋಗುತ್ತಿತ್ತು. ಒಳಗಿನಿಂದ ಮದರಾಸ್ ಸಾಹೇಬರು ಕೈ ಬೀಸಿದರು.

“ಅಂವಗೂ?” ಎಂದಳು ಗುಂಡಮ್ಮ.

ದೇವೀಂದ್ರಪ್ಪನ ಮನೆಯ ಮುಂದೆ ಎರಡು ಬಾಳೆಕಂಬ ಕಟ್ಟಿದ್ದರು. ಪಡಸಾಲೆಯ ಕಂಬಳಿಯ ಮೇಲೆ ಗಂಡಸರು, ಒಳಗೆ ತೊಟ್ಟಿಲ ಸುತ್ತ ಹೆಂಗಸರು, ನಡುವೆ ಹೊಸ್ತಿಲು. ಬಾಣಂತಿ ಸೂಗಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಕೂಸಿನ ಪಕ್ಕ ಕುಳಿತಿದ್ದಳು. ಗಂಡನನ್ನು ಕಂಡ ಕೂಡಲೇ ಕೇಳಿದ್ದು ಒಂದೇ ಮಾತು: “ತಂದೀರೇನು?”

“ತಂದೀನಿ,” ಎಂದ ಸಾಯಬಣ್ಣ. ಎಷ್ಟು ಎಂದು ಹೇಳಲಿಲ್ಲ.

ದೇವೀಂದ್ರಪ್ಪ ಬಂದವರನ್ನೆಲ್ಲ ಕೈಹಿಡಿದು ಕೂಡಿಸಿದ. ತಹಸೀಲ್ದಾರರೇ ತನ್ನ ಮನೆಗೆ ಬಂದದ್ದಕ್ಕೆ ಅವನ ಮೀಸೆ ಎರಡು ಸುತ್ತು ಹೆಚ್ಚು ತಿರುಗಿತು. “ಶರಣಬಸಪ್ಪನ ಹೆಸರಿಡೂ ಕಾರ್ಯ. ತಾವೆಲ್ಲಾ ಬಂದಿರಿ, ದೊಡ್ಡ ಮಾತ,” ಎಂದ.

ಪಡಸಾಲೆಯಲ್ಲಿ ಒಂದು ಕ್ಷಣ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಒಬ್ಬರಾದ ಮೇಲೊಬ್ಬರು, ತಂದದ್ದನ್ನು ಹೊರಗೆ ತೆಗೆದರು. ಹಸಿರು ಬಟ್ಟೆಯೊಳಗಿನಿಂದ ‘ಗುಲಾಬ್’ ಬಂದಿತು. ಕರಿ ಮಸಿಯ ಅಕ್ಷರದ ಸುತ್ತ ಕೆಂಪು ಹೂ ಬರೆದ ಚೌಕಟ್ಟು. ಹೊಸ್ತಿಲಾಚೆ ಲಲಿತಾಬಾಯಿ ತೆಗೆದ ಟೊಪ್ಪಿಗೆಯ ಮೇಲೆ ಜರಿಯಲ್ಲಿ ‘ಪಾಂಡುರಂಗ’ ಇತ್ತು. ಮದರಾಸ್ ಸಾಹೇಬರ ಜವಾನ ಬೆಳ್ಳಿಯ ಲೋಟವನ್ನು ತಂದಿಟ್ಟ. ಅದರ ಮೇಲೆ ಅವರ ಪಿತಾಮಹರ ಹೆಸರು ಕೊರೆದಿತ್ತು. ಹೆಸರು ಲೋಟವನ್ನು ಪೂರ್ತಿ ಒಂದು ಸುತ್ತು ಹಾಕಿದ್ದರಿಂದ ಕೊನೆಯ ‘ಮೂರ್ತಿ’ಗೆ ಜಾಗ ಸಾಲದೆ ಅದನ್ನು ತಳಕ್ಕೆ ಹಾಕಿದ್ದರು. ಓದಬೇಕಾದರೆ ಹಾಲು ಚೆಲ್ಲಬೇಕಾಗುತ್ತಿತ್ತು.

“ಅಳಿಯಂದ್ರ,” ಎಂದ ದೇವೀಂದ್ರಪ್ಪ, “ಇದೇನ್ರಿ ಇದು?”

ಸಾಯಬಣ್ಣ ಎದ್ದು ನಿಂತು ಎಲ್ಲ ಹೇಳಿಬಿಟ್ಟ. ಬೇವಿನ ಗಿಡದಿಂದ ಶುರುಮಾಡಿ ಬಾಳೆಯ ಚಿಪ್ಪಿನವರೆಗೆ. ತಾನು ಹೆಸರು ಕೇಳಿದ್ದು ನಿಜ, ಹಣ್ಣು ಕೊಟ್ಟದ್ದು ನಿಜ, ಆದರೆ ಹಣ್ಣು ಮಗ ಹುಟ್ಟಿದ್ದಕ್ಕೆ ಕೊಟ್ಟದ್ದು, ಹೆಸರಿಗೆ ಕೊಟ್ಟದ್ದಲ್ಲ ಎಂದ. ಎಂದವನು ಕುಳಿತುಕೊಳ್ಳಲು ಧೈರ್ಯ ಸಾಲದೆ ಹಾಗೆಯೇ ನಿಂತ.

“ಮಾತಾದ ಮ್ಯಾಲ ಕೊಟ್ಟ ಹಣ್ಣು ವಚನ,” ಎಂದರು ಜಹೀರುದ್ದೀನ್ ಸಾಹೇಬರು. “ವಾದಾ ವಾದಾನೇ.”

“ಮೊದಲ ಕೊಟ್ಟಿದ್ದ ನನಗ,” ಎಂದಳು ಒಳಗಿನಿಂದ ಲಲಿತಾಬಾಯಿ.

“ಬಾಯಿಯವರ, ನಿಮಗ ಕೊಡಾಕಿಂತ ಮೊದಲ ಅಂವ ನನ್ನ ಗೊನಿ ಇಳಿಸ್ಕೊಂಡಾನ,” ಎಂದ ದೇವೀಂದ್ರಪ್ಪ. “ಅಲ್ಲದ ಇವರೆಲ್ಲಾ ತಿಂದದ್ದ ಯಾರ ಬಾಳಿ? ನನ್ನ ಬಾಳಿ. ಅಂವ ಕೊಟ್ಟ ವಚನನೂ ನನ್ನ ತೋಟದ್ದ ಆತು.”

ಮದರಾಸ್ ಸಾಹೇಬರಿಗೆ ಇದು ಕಾನೂನಿನ ದೃಷ್ಟಿಯಿಂದ ಬಹಳ ರುಚಿಸಿತು. “ಫಲವು ಒಬ್ಬನದು, ದಾನವು ಮತ್ತೊಬ್ಬನದು, ಭಕ್ಷಣವು ಮೂರನೆಯವನದು,” ಎಂದು ಅವರು ಬೆರಳು ಮಡಿಚಿದರು. “ಇದರಲ್ಲಿ ವಿಚಾರಣೆ ಅವಶ್ಯ. ನಾನು ಭಕ್ಷಿಸಿದೆನು ಎಂಬುದನ್ನು ಮೊದಲೇ ಒಪ್ಪುತ್ತೇನೆ.”

ವಿಚಾರಣೆ ಶುರುವಾಯಿತು. ಯಾರು ಎಷ್ಟು ಹಣ್ಣು ತಿಂದರು, ಹಸಿಯೋ ಮಾಗಿದ್ದೋ, ಕೂತು ತಿಂದದ್ದೋ ನಿಂತು ತಿಂದದ್ದೋ ಎಂಬುದೆಲ್ಲ ಬಂದಿತು. ನೆರೆಹೊರೆಯವರು ಹೊಸ್ತಿಲಲ್ಲಿ ನೆರೆದರು. ಅವರಲ್ಲಿ ಅರ್ಧ ಜನ ಶರಣಬಸಪ್ಪನ ಕಡೆ, ಕಾಲು ಭಾಗ ಗುಲಾಬನ ಕಡೆ, ಉಳಿದವರು ಊಟದ ಕಡೆ. ಗದ್ದಲಕ್ಕೆ ತೊಟ್ಟಿಲಲ್ಲಿ ಕೂಸು ಎಚ್ಚೆತ್ತು ಅಳಲು ಶುರುಮಾಡಿತು. ಸೂಗಮ್ಮ ಹೊಸ್ತಿಲೀಚೆ ನಿಂತ ಗಂಡನನ್ನೇ ನೋಡುತ್ತಿದ್ದಳು.

“ಒಂದ ಅಂದಿದ್ದೆ,” ಎಂದಳು. “ನಾಕ ತಂದಿರಿ. ಅಪ್ಪಾ, ನನ್ನ ಹಾಸಿಗಿ ಕಟ್ಟಬ್ಯಾಡ. ನಾ ಇಲ್ಲೇ ಇರ್ತೀನಿ.”

ಸಾಯಬಣ್ಣನ ಕಣ್ಣಮುಂದೆ ಒಂದು ವರ್ಷದ ರೊಟ್ಟಿಗಳು ಸಾಲಾಗಿ ನಿಂತವು. ಅವನು ಮಾವನ ಕಡೆ ನೋಡಲಿಲ್ಲ, ಸಾಹೇಬರ ಕಡೆ ನೋಡಲಿಲ್ಲ. ಹೊಸ್ತಿಲ ತನಕ ಹೋಗಿ, “ಅಕ್ಕಾ,” ಎಂದ, “ನಿನಗ ನಾ ಹಣ್ಣು ಕೊಟ್ಟಿಲ್ಲ. ನೀ ಯಾರ ಋಣದಾಗೂ ಇಲ್ಲ. ಈಗ ನೀನ ಹೇಳು.”

ಗುಂಡಮ್ಮ ಅದನ್ನೇ ಕಾಯುತ್ತಿದ್ದವಳಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸೊಂಟಕ್ಕೆ ಬಿಗಿದು, ತೊಟ್ಟಿಲಿಗೆ ಬಗ್ಗಿದಳು. ‘ಕುರ್ರ್’ ಎಂದಳು. ಹೆಂಗಸರ ಗುದ್ದು ಬೀಳಲು ಶುರುವಾಯಿತು. ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಮೂರು ಗುದ್ದು, ಹೆಚ್ಚೆಂದರೆ ನಾಲ್ಕು. ಗುಂಡಮ್ಮ ಏಳಲಿಲ್ಲ. ಎಂಟು ಗುದ್ದು ಬಿದ್ದವು, ಹತ್ತು ಬಿದ್ದವು. ಲಲಿತಾಬಾಯಿ ತನ್ನ ಪಾಲಿನದನ್ನು ಕೈತುಂಬಾ ಗುದ್ದಿದಳು. ಒಂದು ಕಡೆಯಲ್ಲಂತೂ ಹೆಸರು ಬಹಳ ಉದ್ದವಿದ್ದಂತೆ ತೋರಿತು; ಅಲ್ಲಿ ಗುಂಡಮ್ಮ ನಡುವೆ ಒಮ್ಮೆ ಉಸಿರು ತೆಗೆದುಕೊಂಡಳು. ಆಮೇಲೆ ತಟ್ಟನೆ ಕೂಸಿನ ಅಳು ನಿಂತಿತು. ಗುಂಡಮ್ಮ ಬೆನ್ನು ಹಿಡಿದುಕೊಂಡು ಎದ್ದಳು.

“ಏನ ಹೇಳಿದ್ರಿ?” ಎಂದಳು ಸೂಗಮ್ಮ.

“ಎಲ್ಲಾ ಹೇಳೀನಿ. ಯಾರದೂ ಬಿಟ್ಟಿಲ್ಲ. ಹಣ್ಣಿನ ಮಾತ ಹಣ್ಣಿನ ಮಾತ, ನನ್ನ ತಮ್ಮ ಸುಳ್ಳ ಆಗಬಾರದು. ಪಾಂಡುರಂಗ ಅಂದೆ, ಅತ್ತ. ಗುಲಾಬ ಅಂದೆ, ಅತ್ತ. ಶರಣಬಸಪ್ಪ ಅಂದೆ, ಕಾಲ ಝಾಡಿಸಿ ಅತ್ತ. ಸಾಹೇಬರದು ಅನ್ನೂತನ ನನಗ ಅಳು ಬಂತು. ಕಡೀಗಿ ನಮ್ಮಪ್ಪನ ಹೆಸರು ಅಂದೆ. ಪೀರಪ್ಪ. ಸುಮ್ನಾದ. ನೀವ ಕೇಳೀರಿ, ಸುಮ್ನಾದ.”

ಎಲ್ಲರೂ ಕೇಳಿದ್ದರು. ಯಾವ ಹೆಸರಿಗೆ ಸುಮ್ಮನಾಯಿತೆಂಬುದಕ್ಕೆ ಗುಂಡಮ್ಮ ಮತ್ತು ಕೂಸು ಇಬ್ಬರೇ ಸಾಕ್ಷಿ. ಅವರಲ್ಲಿ ಒಬ್ಬರಿಗೆ ಮಾತು ಬರುತ್ತಿರಲಿಲ್ಲ, ಇನ್ನೊಬ್ಬರ ಮಾತಿಗೆ ಎದುರಾಡುವವರು ಆ ಸೀಮೆಯಲ್ಲಿ ಇರಲಿಲ್ಲ. ಗುಂಡಮ್ಮನ ಬೆರಳಿಗೆ ಸ್ವಲ್ಪ ಜೇನು ಅಂಟಿದ್ದನ್ನು ಸೂಗಮ್ಮ ನೋಡಿದಳು. ನೋಡಿ ಸುಮ್ಮನಾದಳು.

ಮೊದಲು ನಕ್ಕವರು ಜಹೀರುದ್ದೀನ್ ಸಾಹೇಬರು. “ಪೀರ್ ಸಾಹೇಬರ ಹೆಸರಿಗೆ ನಾ ಎದುರಾಡಿದ್ರ ಮನ್ಯಾಗ ಬೇಗಂ ರೊಟ್ಟಿ ಹಾಕಂಗಿಲ್ಲ,” ಎಂದರು. ಅಜ್ಜನ ಹೆಸರು ಮೊಮ್ಮಗನಿಗೆ ಬಂದ ಮೇಲೆ ಬೀಗರು ಬಾಯಿ ಹಾಕಬಾರದೆಂಬುದು ದೇವೀಂದ್ರಪ್ಪನಿಗೆ ಗೊತ್ತಿತ್ತು. ಮೀಸೆಯನ್ನು ಅರ್ಧ ಸುತ್ತು ಸಡಿಲಿಸಿದ. ಮದರಾಸ್ ಸಾಹೇಬರು ಆ ಹೆಸರನ್ನು ಎರಡು ಸಲ ಹೇಳಿ ನೋಡಿದರು. “ಹ್ರಸ್ವವಾಗಿದೆ,” ಎಂದರು. “ಲೋಟದ ಮೇಲೆ ಇನ್ನೂ ಸ್ಥಳ ಉಂಟು, ಒಳಭಾಗದಲ್ಲಿ.”

ಲಲಿತಾಬಾಯಿ ಮಾತ್ರ ಟೊಪ್ಪಿಗೆ ಹಿಡಿದುಕೊಂಡೇ ನಿಂತಿದ್ದಳು. ಸೂಗಮ್ಮ ಅದನ್ನು ಆಕೆಯ ಕೈಯಿಂದ ತೆಗೆದುಕೊಂಡು ಕೂಸಿನ ತಲೆಗೆ ಹಾಕಿದಳು. “ನೀವು ನಿಮ್ಮ ಹೆಸರಲೆ ಕರೀರಿ ಬಾಯಿಯವರ. ಕಿವ್ಯಾಗ ಬಿದ್ದದ, ಹೋಗಂಗಿಲ್ಲ.” ಆಮೇಲೆ ಗಂಡನ ಕಡೆ ತಿರುಗಿದಳು. “ಮನ್ಯಾಗ ಹಿಟ್ಟು ಅದೇನು?”

“ಅದ,” ಎಂದ ಸಾಯಬಣ್ಣ.

“ನಾಳಿ ಬಸ್ಸಿಗಿ ಬರ್ತೀನಿ. ರೊಟ್ಟಿ ಹಂಚು ತಿಕ್ಕಿಟ್ಟಿರ್ರಿ.”

ಬಾಣಂತಿ ಅಷ್ಟು ಬೇಗ ಹೊರಡಬಾರದೆಂದು ಅವಳ ಅವ್ವ ತಡೆದು, ‘ನಾಳೆ’ ಎನ್ನುವುದು ಎರಡು ತಿಂಗಳಾಯಿತು. ಆದರೂ ಸಾಯಬಣ್ಣ ಅದೇ ಸಂಜೆ ಮನೆಗೆ ಬಂದು ಹಂಚು ತಿಕ್ಕಿಟ್ಟ.

ಹುಡುಗ ಬೆಳೆದ. ಅಪ್ಪ ಅವ್ವ ಪೀರಪ್ಪ ಎಂದರು. ಜಹೀರುದ್ದೀನ್ ಸಾಹೇಬರ ಮನೆಗೆ ಹೋದರೆ ಗುಲಾಬ್. ಆ ಚೌಕಟ್ಟಿನ ಕೆಳಗೆ ಕೂತು ಉರ್ದು ಅಕ್ಷರ ತಿದ್ದಿದ. ರಜೆಗೆ ಕಮಲಾಪುರಕ್ಕೆ ಹೋದರೆ ಶರಣಬಸಪ್ಪ. ಮದರಾಸ್ ಸಾಹೇಬರಿಗೆ ಬೇರೆ ಕಡೆ ಬದಲಿಯಾದ ಮೇಲೂ ಉಗಾದಿಗೊಂದು ಕಾಗದ ಬರುತ್ತಿತ್ತು. ವಿಳಾಸದಲ್ಲಿ ಹುಡುಗನ ಹೆಸರೇ ಒಂದು ಸಾಲು. ಲಲಿತಾಬಾಯಿ ಗಂಡನ ಹೆಸರನ್ನು ಬಾಯಿಂದ ಆಡುವಂತಿರಲಿಲ್ಲ. ಅಂಗಳದಲ್ಲಿ ಮಣ್ಣಾಡುವ ಮೂರು ವರ್ಷದ ಹುಡುಗನನ್ನು ಆಕೆ ಸೆರಗು ಹೊದ್ದುಕೊಂಡು, ಗಂಡನನ್ನು ಕರೆಯುವ ಮರಾಠಿ ಮಾತಿನಲ್ಲಿ, “ಅಹೋ, ಊಟಕ್ಕ ಬರ್ರಿ” ಎಂದು ಕರೆಯುತ್ತಿದ್ದಳು. ಅವನು ಗಂಭೀರವಾಗಿ ಕೈ ತೊಳೆದು ಹೋಗುತ್ತಿದ್ದ.

ಆರು ವರ್ಷ ತುಂಬಿದಾಗ ಸಾಯಬಣ್ಣ ಅವನನ್ನು ಶಾಲೆಗೆ ಕರೆದುಕೊಂಡು ಹೋದ. ಮಾಸ್ತರರು ಧಾರವಾಡದ ಕಡೆಯಿಂದ ಹೊಸದಾಗಿ ಬಂದವರು. ಹಾಜರಿ ಪುಸ್ತಕ ತೆರೆದು, “ನಿನ್ನ ಹೆಸರೇನಪಾ?” ಎಂದು ಹುಡುಗನನ್ನು ಕೇಳಿದರು.

ಹುಡುಗ ಯೋಚಿಸಿದ. “ಯಾರ ಮನ್ಯಾಗ್ರಿ?” ಎಂದ.

ಮಾಸ್ತರರು ಪೆನ್ನು ಕೆಳಗಿಟ್ಟರು. ಸಾಯಬಣ್ಣ ಅವಸರದಿಂದ ತಿಳಿಸಿ ಹೇಳಿದ. ಮಾಸ್ತರರು ಎಲ್ಲ ಕೇಳಿ, ಅಪ್ಪನ ಹಣೆಯ ವಿಭೂತಿ ನೋಡಿ, ಮಗನ ಹಣೆಯ ವಿಭೂತಿ ನೋಡಿ, “ಪೀರಪ್ಪ, ತಂದಿ ಸಾಯಬಣ್ಣ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. “ನೀವು ಯಾವ ಮಂದಿ?”

ಬೇವಿನ ಗಿಡದ ಕೆಳಗೂ ಇದನ್ನೇ ಕೇಳಿದ್ದರು. ಸಾಯಬಣ್ಣ ಈ ಸಲ ಹಣೆ ಮುಟ್ಟಿಕೊಳ್ಳಲಿಲ್ಲ. “ಕಲಬುರ್ಗಿ ಮಂದಿ ರೀ,” ಎಂದ.

“ಅದು ಖರೆ. ಆದ್ರ ಇಷ್ಟೆಲ್ಲಾ ಗೊಂದಲ ಯಾಕ್ರಿ? ಹೊಸ ಕಾಲ, ಹೊಸ ಹುಡುಗ. ಪ್ರಕಾಶ ಅಂತ ಬರದ ಬಿಡ್ತೀನಿ. ಯಾವ ಊರಿಗಿ ಹೋದ್ರೂ ನಡೀತದ.”

ಮಗನನ್ನು ಶಾಲೆಗೆ ಹಾಕುವ ಸಂತೋಷಕ್ಕೆ ಸಾಯಬಣ್ಣ ಕಮಲಾಪುರದ ಬಾಳೆ ತಂದಿದ್ದ. ಅವನ ಕೈ ಆಗಲೇ ಚೀಲದೊಳಗೆ ಹೋಗಿ, ಒಂದು ಚಿಪ್ಪು ಹಿಡಿದು, ಅರ್ಧ ಹೊರಗೆ ಬಂದಿತ್ತು. ಮಾಸ್ತರರು ಕೈ ಚಾಚಿದ್ದರು. ಸಾಯಬಣ್ಣನ ಕೈ ಅಲ್ಲಿಯೇ ನಿಂತಿತು. ಅವನು ಮಾಸ್ತರರನ್ನು ನೋಡಿದ, ಬಾಳೆಯನ್ನು ನೋಡಿದ, ನಿಧಾನವಾಗಿ ಅದನ್ನು ಮತ್ತೆ ಚೀಲದೊಳಗೆ ಇಳಿಸಿ ಬಾಯಿ ಕಟ್ಟಿದ.

“ಪೀರಪ್ಪ ಅಂತ ಬರೀರಿ ಮಾಸ್ತರ,” ಎಂದ. “ಬರದದ್ದು ಒಣಗ್ಲಿ. ಹಣ್ಣು ಆಮ್ಯಾಲ.”